ಅಂಜಿದವರ ಭೀಮ್ಯಾ

ನನ್ನ ಸ್ಕೂಟಿಯ ಹಿಂದೆ ಹೊರಸಿನ ಭೀಮ್ಯಾ ಮಲಗಿದ್ದ. ಹಗ್ಗದ ಮಂಚ, ಕಾಲ ಮೇಲೆ ಕಾಲು, ಮುಖದ ಮೇಲೆ ಅರ್ಧ ಟವೆಲ್ಲು. ನಾನು ಹುಟ್ಟುವ ಮೊದಲೇ ಬಂದ ನಗೆ ಸಿನಿಮಾದ ಸೋಮಾರಿ. ಪೊಲೀಸ್ ಫೌಜದಾರ ಮನೆಗೆ ಬಂದರೂ ಹೊರಸು ಬಿಟ್ಟು ಏಳದವನು. ವಿಜಯಪುರದ ಆಟೋಗಳ ಬೆನ್ನ ಮೇಲಿನ ಸ್ಟಿಕ್ಕರಿನಲ್ಲಿ ಇಂದಿಗೂ ಅವನೇ.

"ನಂಬರ್ ಅಷ್ಟ ಹಾಕ್ರಿ ಅಂದಿದ್ದೆ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ರೇಡಿಯಂ ಸ್ಟಿಕ್ಕರ್ ಅಂಗಡಿಯ ಸಂಗನಬಸವ ನಾಲಿಗೆ ಕಚ್ಚಿಕೊಂಡ. "ಯಪ್ಪಾ! ಬಾಜೂ ಗಾಡೀದು ನಿಮ್ಮ ಗಾಡಿಗೆ ಹಚ್ಚೇನ್ರಿ."

"ತಗೀರಿ. ನಮ್ಮ ಅಪ್ಪಾಜಿ ನೋಡಿದ್ರ..."

"ತಗೀತೀನ್ರಿ. ಆದ್ರ ಫೌಜದಾರ ಬಂದ್ರೂ ಏಳದಾವ, ನನ್ನ ಮಾತಿಗೆ ಏಳ್ತಾನೇನ್ರಿ?"

ನಕ್ಕುಬಿಟ್ಟೆ. ನಕ್ಕಿದ್ದನ್ನು ಅವನು ನೋಡಿದ. "ಇರ್ಲಿ ಬಿಡ್ರಿ," ಎಂದು ಓಡಿ ಬಂದೆ. ಜಲನಗರದ ಮನೆಯಲ್ಲಿ ಸ್ಕೂಟಿಯ ಬೆನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದೆ.

ಸ್ಟಿಕ್ಕರಿನ ಅಂಚು ಎದ್ದಿದೆ ಎಂಬ ನೆಪದಲ್ಲಿ ಮತ್ತೆ ಮತ್ತೆ ಹೋದೆ. ಏಳದ ಅಂಚನ್ನು ಅವನು ಹೆಬ್ಬೆರಳಿನಿಂದ ನಿಧಾನಕ್ಕೆ ಒತ್ತುತ್ತಿದ್ದ.

"ಇಷ್ಟು ಹಳೇ ಪಿಚ್ಚರ್. ಇವನ್ನ ಯಾಕ ಇನ್ನೂ ಹಚ್ಚಿಸ್ತಾರ್ರಿ?" ಒಮ್ಮೆ ಕೇಳಿದೆ.

"ಆರಾಮ ಇದ್ದವ್ರು ಒಬ್ಬರೂ ಇವನ್ನ ಕೇಳಂಗಿಲ್ರಿ. ಪರೀಕ್ಷಾ ಇದ್ದವ್ರು, ದವಾಖಾನಿಗೆ ಪೇಷಂಟ್ ಒಯ್ಯೂ ಆಟೋದವ್ರು, ಸಾಹೇಬರ ಕೈಲೆ ಬೈಸ್ಕೊಳ್ಳೂ ಡ್ರೈವರ್. ಅಂಜಿದವ್ರೇ ಬರ್ತಾರ. ತಮಗ ಬರಲಾರದ್ದು ಅವಗಾದ್ರೂ ಬರ್ತೈತಲ್ಲ ಅಂತ ಹಗುರ ಆಗ್ತಾರ."

"ಮತ್ತ ನೀವು?"

"ನನ್ನ ಗಾಡಿಗೆ ಎರಡ ಅದಾವ್ರಿ."

ತುಟಿ ನಕ್ಕಿತು. ಕಣ್ಣು ಮಾತ್ರ ಒಂದು ಗಳಿಗೆ ನನ್ನ ಮೇಲೆ ನಿಂತು, ಸಿಕ್ಕಿಬಿದ್ದಂತೆ ಕೈಯಲ್ಲಿನ ಬ್ಲೇಡಿನತ್ತ ಓಡಿತು.

ಒಂದು ಶನಿವಾರ ಹೇಳಿದೆ. "ನಾಳೆ ಟಿಕೋಟಾದವ್ರು ನನ್ನ ನೋಡಾಕ ಬರಾಕತ್ತಾರ್ರಿ."

ಬ್ಲೇಡು ಬೆರಳಿಗೆ ತಾಗಿತು. ರಕ್ತ ಒರೆಸಿಕೊಳ್ಳದೆಯೇ ಕೇಳಿದ, "ನಾ ಬಂದು ನಿಮ್ಮ ಅಪ್ಪಾಜಿ ಕೂಡ ಮಾತಾಡ್ಲೇನ್ರಿ?"

"ಬೈಸ್ಕೋತೀರಿ."

"ಬೈಸ್ಕೋತೀನ್ರಿ. ನೀವು ಹೂಂ ಅನ್ರಿ ಅಷ್ಟ."

ಎಷ್ಟು ಸಣ್ಣ ಮಾತು! ಅದನ್ನೂ ಅನ್ನದೆ ಸ್ಕೂಟಿ ತಿರುಗಿಸಿದೆ. ಮನೆಗೆ ಬಂದುಬಿಟ್ಟೆ.

ಸಂಜೆ ಅಪ್ಪಾಜಿ, ನಾಳೆ ಬರುವವರ ಕಾರಿಗೆ ಜಾಗ ಮಾಡಲು ನನ್ನ ಸ್ಕೂಟಿ ಹೊರಳಿಸಿದರು. ಭೀಮ್ಯಾ ಬೆಳಕಿಗೆ ಬಿದ್ದ; ನಾನು ಬಾಗಿಲ ಮರೆಗೆ ಸರಿದೆ.

ಅಪ್ಪಾಜಿ ನಗುತ್ತಿದ್ದರು!

"ಎಲಾ ಭೀಮ್ಯಾ! ರಾಜೀ, ನಿಮ್ಮವ್ವನ್ನ ನೋಡಾಕ ಹೋದಾಗ ಇವನ್ನ ನೆನಸ್ಕೊಂಡ ಕುಂತಿದ್ದೆ ನೋಡು. ಮೊಣಕಾಲು ಗಡಗಡ ನಡಗ್ತಿದ್ವು."

ಅಪ್ಪಾಜಿಯೂ ಅಂಜುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

"ಚಲೋ ಕತ್ತರಿಸ್ಯಾನ. ಯಾರವಾ?"

"ಸಂಗನಬಸವ ಅಂತ್ರಿ. ಬಬಲೇಶ್ವರದವ್ರು." ಅಲ್ಲಿಗೇ ನಿಲ್ಲಿಸಬಹುದಿತ್ತು. "ಅಪ್ಪಾಜಿ, ಟಿಕೋಟಾದವ್ರು ಬರೂದು ಬ್ಯಾಡ್ರಿ. ನನಗ ಸಂಗನಬಸವ ಅವ್ರು ಬೇಕು."

ಅವರ ಮುಖದಿಂದ ನಗು ಇಳಿದುಹೋಯಿತು. ಒಳಗೆ ಅವ್ವನ ಮಿಕ್ಸರ್ ನಿಂತಿತು. ಅಪ್ಪಾಜಿ ಸ್ಕೂಟಿಯ ಸ್ಟ್ಯಾಂಡ್ ಹಾಕಿದರು.

"ಕರಿ ಅವನ್ನ."

ಅದು ಸಿಟ್ಟೋ ಏನೋ ತಿಳಿಯಲಿಲ್ಲ. ಅವನು ಫೋನ್ ಎತ್ತಿದ ಕೂಡಲೇ ಮಾತು ಬಾಯಿಂದ ಬಿತ್ತು. "ಅಪ್ಪಾಜಿ ಕರ್ಯಾಕತ್ತಾರ. ಲಗೂನ ಬಾ."

"ಏನಂದ್ರಿ?"

ನನ್ನ ಮಾತಿನಿಂದ 'ರಿ' ಉದುರಿಹೋದದ್ದು ಆಗ ನನಗೂ ಕೇಳಿಸಿತು. ಹೆಕ್ಕಿಕೊಳ್ಳಲು ಹೋಗಲಿಲ್ಲ.

"ಬಾ ಅಂದೆ."

"ಬಂದೆ, ರಾಜೀ," ಎಂದ. ಅವನ ದನಿ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು.