ಅಮಾವಾಸ್ಯೆಗೆ ಎಪ್ಪತ್ತಾರು ಕಿಲೋಮೀಟರ್

ಹೊನ್ನಾಳಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಶಿವಲೀಲಾ ಹೇಳಿದ ಹೊತ್ತಿಗಿಂತ ಇಪ್ಪತ್ತು ನಿಮಿಷ ಮೊದಲೇ ಬಂದು ಕೂತಳು. ಬರುವವನನ್ನು ಅವನಿಗೆ ತಿಳಿಯದಂತೆ ಮೊದಲೊಮ್ಮೆ ನೋಡಬೇಕು, ಮನಸ್ಸು ಒಪ್ಪದಿದ್ದರೆ ಎದ್ದು ಚನ್ನಗಿರಿಯ ಬಸ್ಸು ಹತ್ತಿಬಿಡಬೇಕು ಎಂದುಕೊಂಡಿದ್ದಳು.

ಸಂಗಾತಿ ಹುಡುಕುವ ಮೊಬೈಲಿನ ಆಪ್‌ನಲ್ಲಿ ಎರಡು ತಿಂಗಳು ಮಾತನಾಡಿದ ಮೇಲಿನ ಮೊದಲ ಭೇಟಿ ಅದು. ಅವನ ಹೆಸರು ಹಾಲಸ್ವಾಮಿ. ನ್ಯಾಮತಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿ. ವಯಸ್ಸು ನಲವತ್ತು. ಹೆಂಡತಿ ಕಲ್ಪನಾ ತೀರಿಕೊಂಡು ನಾಲ್ಕು ವರ್ಷ. ಇಷ್ಟನ್ನೂ ಮೊದಲ ದಿನವೇ ಬರೆದಿದ್ದ. ಉಳಿದದ್ದನ್ನು ಮುಖ ನೋಡಿಯೇ ತಿಳಿಯಬೇಕಿತ್ತು. ಫೋಟೊದಲ್ಲಿ ಅವನು ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಅವಳಂತೂ ಮುಖವನ್ನೇ ತೋರಿಸಿರಲಿಲ್ಲ. ತನ್ನ ಆಫೀಸಿನ ಕಿಟಕಿಯ ಮುಂದಿನ ಮಲ್ಲಿಗೆಯ ಕುಂಡವನ್ನು ಹಾಕಿದ್ದಳು. ಚನ್ನಗಿರಿಯಂಥ ಊರಿನಲ್ಲಿ ಒಂದು ಮುಖ ಕಂಡರೆ ಹತ್ತು ಮನೆಯಲ್ಲಿ ಮಾತು ಹುಟ್ಟುತ್ತದೆ.

ಪಕ್ಕದ ಮೇಜಿನಲ್ಲಿ ಒಬ್ಬ ಗಂಡಸು ಖಾಲಿಯಾದ ಕಾಫಿ ಲೋಟವನ್ನು ತಿರುಗಿಸುತ್ತ ಕೂತಿದ್ದ. ಅವನೂ ಬಾಗಿಲನ್ನೇ ನೋಡುತ್ತಿದ್ದ. ಹತ್ತು ನಿಮಿಷ ಇಬ್ಬರೂ ಹೀಗೆ ಬಾಗಿಲು ಕಾದರು. ಆಮೇಲೆ ಅವಳ ಕಣ್ಣು ಅವನ ಬೆರಳುಗಳ ಮೇಲೆ ಬಿತ್ತು. ಉಗುರಿನ ಸಂದಿಯಲ್ಲಿ ಮೋಟಾರಿನ ತಂತಿಗೆ ಬಳಿಯುವ ಕಂದು ಬಣ್ಣದ ವಾರ್ನಿಷ್ ಕೂತಿತ್ತು, ಯಾವ ಸೋಪಿಗೂ ಬಗ್ಗದಂಥದ್ದು. ಬರುವ ನಗುವನ್ನು ಮರೆಮಾಡಲು ಅವಳು ನೀರಿನ ಲೋಟ ಎತ್ತಿದಳು.

ಅವನು ಬಾಗಿಲಿನಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದ: "ತೂಕ ಮುಗೀತೇನ್ರಿ?"

"ಯಾವಾಗ ಗೊತ್ತಾತು?"

"ನೀವು ಕೂತ ಕೂಡ್ಲೆ. ಮುಡೀಲಿ ಮಲ್ಲಿಗೆ ಐತಲ್ಲ, ಕುಂಡದ್ದು. ನಾನು ಅರ್ಧ ಗಂಟೆ ಮೊದ್ಲೇ ಬಂದೀನಿ. ಎದ್ದು ಹೋಗ್ತೀರೇನೋ ಅಂತ ನೋಡ್ತಿದ್ದೆ."

"ಹೋಗಿದ್ರೆ?"

"ಬಸ್ಸಿನ ತನಕ ಬಂದು, ಛತ್ರಿ ಮರೆತೀರಿ ಅಂತ ಕೊಡ್ತಿದ್ದೆ."

ಅವಳ ಛತ್ರಿ ನಿಜವಾಗಿಯೂ ಬಾಗಿಲಿನ ಬಳಿ ಗೋಡೆಗೊರಗಿ ನಿಂತಿತ್ತು.

ತೂಕದ ಮಾತು ಅವಳ ಕೆಲಸದಿಂದ ಬಂದದ್ದು. ಚನ್ನಗಿರಿಯಲ್ಲಿ ಅಡಿಕೆ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಅವಳಿಗೆ ಹನ್ನೊಂದು ವರ್ಷದ ನೌಕರಿ. ಕಿಟಕಿಯೊಳಗೆ ಕೂತು ಲಾರಿಯ ತೂಕ ನೋಡಿ ಚೀಟಿ ಕೊಡುವುದು. ತುಂಬಿದ ಗಾಡಿಯನ್ನು ಒಮ್ಮೆ, ಖಾಲಿ ಗಾಡಿಯನ್ನು ಒಮ್ಮೆ ತೂಗಬೇಕೆಂದೂ ಆಗಲೇ ಒಳಗೆ ಎಷ್ಟಿತ್ತೆಂಬುದು ತಿಳಿಯುವುದೆಂದೂ ಅವಳು ಅವನಿಗೆ ವಿವರಿಸಿದಳು.

"ಹಂಗಾದ್ರೆ ಇವತ್ತಿಂದು ಒಂದೇ ತೂಕ," ಎಂದ ಅವನು. "ಇನ್ನೊಂದಕ್ಕೆ ಯಾವಾಗ ಬರ್ಲಿ?"

ಅವಳು ಎದ್ದು ಛತ್ರಿ ತೆಗೆದುಕೊಂಡಳು. ಆದರೆ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ತುಟಿಯಂಚಿನಲ್ಲಿ ಏನೋ ಉಳಿದೇ ಇತ್ತು. ಟಿಕೆಟ್ ಕೊಟ್ಟ ಕಂಡಕ್ಟರು ಎರಡು ಸಲ ಅವಳ ಮುಖ ನೋಡಿದ.

ಮೂವತ್ತಾರರ ಹೆಣ್ಣಿಗೆ ಇದು ಸುಲಭವಾಗಿ ಬಂದದ್ದಲ್ಲ. ಹಾಸಿಗೆ ಹಿಡಿದ ತಾಯಿಯ ಸೇವೆಯಲ್ಲಿ ಮದುವೆಯ ವಯಸ್ಸು ಹೇಗೆ ಸರಿಯಿತೋ ತಿಳಿಯಲಿಲ್ಲ. ತಾಯಿ ಲಿಂಗೈಕ್ಯರಾಗಿ ಎರಡು ವರ್ಷವಾದರೂ ಅಕ್ಕಿ ಅಳೆಯುವಾಗ ಅವಳ ಕೈ ತಪ್ಪಿ ಇಬ್ಬರಿಗಾಗುವಷ್ಟು ಹಾಕಿಬಿಡುತ್ತಿತ್ತು. ಪಕ್ಕದ ಅಡಿಕೆ ಮಂಡಿಯ ಚೈತ್ರಶ್ರೀ ಎಂಬ ಹುಡುಗಿ ಒತ್ತಾಯ ಮಾಡಿ ಆಪ್ ಹಾಕಿಕೊಟ್ಟಳು. ಮೊದಲು ಸಿಕ್ಕವನು ಮೂರು ವಾರ ಜೇನಿನಂತೆ ಮಾತನಾಡಿದ. ಆಮೇಲೆ ನೋಡಿದರೆ ಹೆಂಡತಿ, ಎರಡು ಮಕ್ಕಳು. ಅಂದಿನಿಂದ ಅವಳು ಯಾರಿಗೂ ಫೋನ್ ನಂಬರು ಕೊಡಲಿಲ್ಲ. ಮಾತೆಲ್ಲ ಆಪ್‌ನಲ್ಲೇ, ಭೇಟಿಯಾದರೆ ಹಗಲಲ್ಲೇ. ಹಾಲಸ್ವಾಮಿ ನಂಬರು ಕೇಳಲೇ ಇಲ್ಲ. ಅವನಲ್ಲಿ ಅವಳಿಗೆ ಮೊದಲು ಹಿಡಿಸಿದ್ದೇ ಅದು.

ಅವನ ಉತ್ತರಗಳು ತಡವಾಗಿ ಬರುತ್ತಿದ್ದವು. ಕಾರಣ ಕೇಳಿದ್ದಕ್ಕೆ, ತಂತಿ ಸುತ್ತುವಾಗ ಸುತ್ತು ಎಣಿಸಬೇಕು, ನಡುವೆ ಲೆಕ್ಕ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ ಎಂದು ಬರೆದ. ಒಂದು ದಿನ ಅದೇ ಮಾತಿನ ಕೆಳಗೆ ಇನ್ನೊಂದು ಸಾಲಿತ್ತು: "ಇವತ್ತು ಎರಡು ಸಲ ತಪ್ತು. ತಪ್ಪು ನಿಮ್ದು."

ಅದನ್ನು ಓದಿದ ಹೊತ್ತಿಗೆ ತೂಕಕ್ಕೆ ನಿಂತ ಲಾರಿಯವನು ಎರಡು ಸಲ ಹಾರ್ನ್ ಹೊಡೆದಿದ್ದ.

ಹೊನ್ನಾಳಿಯ ಭೇಟಿಯ ಮೇಲೆ ಅವಳಿಗೆ ಒಂದು ಅಭ್ಯಾಸವಾಯಿತು. ಆಪ್‌ನಲ್ಲಿ ಅವನ ಹೆಸರಿನ ಕೆಳಗೆ ತನ್ನಿಂದ ಅವನೆಷ್ಟು ದೂರದಲ್ಲಿದ್ದಾನೆಂಬುದು ಕಾಣುತ್ತಿತ್ತು. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡ ಕೈಯಲ್ಲೇ ಫೋನ್ ತೆಗೆದು ನೋಡುವಳು: ನಲವತ್ತೊಂದು ಕಿಲೋಮೀಟರ್. ದೇವರ ಮುಂದಿನ ದೀಪ ಉರಿಯುತ್ತಿದೆಯೇ ಎಂದು ತಿರುಗಿ ನೋಡಿದ ಹಾಗೆ. ನಲವತ್ತೊಂದು ಇದ್ದರೆ ಅವನು ನ್ಯಾಮತಿಯಲ್ಲಿದ್ದಾನೆ, ಲೋಕ ತನ್ನ ಜಾಗದಲ್ಲಿದೆ.

ಒಂದು ಅಮಾವಾಸ್ಯೆಯ ದಿನ ಅಲ್ಲಿ ಎಪ್ಪತ್ತಾರು ಎಂದಿತ್ತು. ಅಂಗಡಿ ಇಲ್ಲವೇ ಎಂದು ಕೇಳಿದಳು. "ಅಮಾಸೆ ಅಲ್ವಾ, ರಜ. ಮನೇಲಿದೀನಿ," ಎಂದು ಬಂತು. ಫೋನು ತಪ್ಪು ತೋರಿಸಿತೆಂದು ಸುಮ್ಮನಾದಳು. ಮರುದಿನ ಮತ್ತೆ ನಲವತ್ತೊಂದು. ಮುಂದಿನ ಅಮಾವಾಸ್ಯೆಗೆ ಮತ್ತೆ ಎಪ್ಪತ್ತಾರು, ಮತ್ತೆ ಅದೇ ಮಾತು: ಮನೇಲಿದೀನಿ.

ತೂಕದ ಕಾಟಾ ಕೆಟ್ಟಿದ್ದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸುತ್ತದೆ. ಎರಡು ಸಲವೂ ಒಂದೇ ಅಂಕಿ ಬಂದರೆ ಅದು ಕಾಟಾದ ತಪ್ಪಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವೇಬ್ರಿಡ್ಜ್‌ನ ಗೇಟಿನಲ್ಲಿ ಟೀ ಅಂಗಡಿ ಇಟ್ಟಿದ್ದ ಕೆಂಪಕ್ಕನಿಗೆ ಇವಳ ಮುಖ ಬಾಡಿದ್ದು ಕಂಡಿತು. ಗದರಿಸಿ ಬಾಯಿ ಬಿಡಿಸಿದಳು. ಎಲ್ಲ ಕೇಳಿ, ಸೋಸುವ ಬಟ್ಟೆಯನ್ನು ಹಿಂಡುತ್ತ ಹೇಳಿದಳು: "ಅಮಾಸೆಗೊಂದು ಮನೆ, ಹುಣ್ಣಿಮೆಗೊಂದು ಮನೆ ಮಾಡಿರೋ ಗಂಡಸ್ರನ್ನ ನಾನೂ ಕಂಡೀನಿ ಕಣವ್ವ. ಇವನು ಅಂಥೋನೋ ಅಲ್ವೋ, ನಂಗೊತ್ತಿಲ್ಲ. ಕೇಳಿಬಿಡು. ಕೇಳಿದ್ರೆ ನಾಲ್ಕು ದಿನದ ಮಾತು ಹೋದೀತು. ಕೇಳ್ದಿದ್ರೆ ಬದುಕೇ ಹೋಗ್ತೈತೆ."

ಅವಳು ಕೇಳಿದಳು. ಎರಡು ಅಮಾವಾಸ್ಯೆ ಎಪ್ಪತ್ತಾರು ಕಿಲೋಮೀಟರ್ ದೂರ ಇದ್ದಿರಿ, ಮನೇಲಿದೀನಿ ಅಂದಿರಿ, ಅದು ಯಾರ ಮನೆ ಎಂದು ಬರೆದಳು.

ಇಡೀ ದಿನ ಉತ್ತರವಿಲ್ಲ. ಇಷ್ಟು ಹೊತ್ತು ಎಣಿಸುವಷ್ಟು ಸುತ್ತು ಯಾವ ಮೋಟಾರಿಗೂ ಇರುವುದಿಲ್ಲ. ಮರುದಿನ ಬೆಳಿಗ್ಗೆ ಬಂತು:

"ಸೊಕ್ಕೆ. ಜಗಳೂರು ತಾಲ್ಲೂಕು. ಯಾರ ಮನೆ ಅಂತ ಇಲ್ಲಿ ಬರೆಯಾಕೆ ಆಗ್ತಿಲ್ಲ. ಬರೋ ಅಮಾಸೆಗೆ ನೀವೂ ಬರ್ರಿ. ನೋಡಿದ ಮೇಲೆ ಬೇಡ ಅನಿಸಿದ್ರೆ, ಬಸ್ಸಿನ ತನಕ ಬಂದು ಛತ್ರಿ ಕೊಟ್ಟು ಕಳಿಸ್ತೀನಿ."

ಆಮೇಲೆ ಮೂರು ವಾರ ಅವರು ಮಾತನಾಡಲಿಲ್ಲ. ಅವಳು ಆಪ್ ತೆಗೆದುಹಾಕಲು ಎರಡು ಸಲ ಬೆರಳು ಇಟ್ಟಳು, ಎರಡು ಸಲವೂ ಹಿಂದೆ ತೆಗೆದಳು. ದಿನಾ ಬೆಳಿಗ್ಗೆ ನಲವತ್ತೊಂದು ನೋಡುವುದನ್ನು ಮಾತ್ರ ಬಿಡಲಿಲ್ಲ. ಅವನು ಆಪ್ ತೆರೆದರೆ ತಾನೇ ಆ ಅಂಕಿ ಹೊಸದಾಗುವುದು? ಹಾಗಾದರೆ ಅವನೂ ತನ್ನ ಹೆಸರಿನ ಕೆಳಗಿನ ನಲವತ್ತೊಂದನ್ನು ನೋಡುತ್ತಿದ್ದಾನೆ ಎಂದು ಒಂದು ಬೆಳಿಗ್ಗೆ ಹೊಳೆಯಿತು. ಹೋಗುವುದೆಂದು ತೀರ್ಮಾನವಾದದ್ದು ಆ ದಿನ.

ಅಮಾವಾಸ್ಯೆಯ ಬೆಳಿಗ್ಗೆ ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಅವನು ಕಾಯುತ್ತಿದ್ದ. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಸೇವಂತಿಗೆ, ಒಂದು ಚೀಲದಲ್ಲಿ ಔಷಧಿ. ತಿಂಡಿ ಆಯಿತೇ ಎಂದು ಅವನು ಕೇಳಿದ, ಆಯಿತೆಂದು ಅವಳು ಸುಳ್ಳು ಹೇಳಿದಳು. ಜಗಳೂರಿನವರೆಗೆ ಅವಳು ಕಿಟಕಿಯ ಬಳಿ, ಅವನು ನಡುವಿನ ದಾರಿಯ ಆಚೆ ಸೀಟಿನಲ್ಲಿ. ನಡುವೆ ಒಂದು ಸಲ ಅವಳು ತಿರುಗಿದಾಗ ಅವನು ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಹೂವಿನ ಎಲೆಯನ್ನು ಸರಿಮಾಡಿದ. ಅಲ್ಲಿಂದ ಇನ್ನೊಂದು ಬಸ್ಸು, ಎರಡೂ ಕಡೆ ಮೆಕ್ಕೆಜೋಳ.

ಸೊಕ್ಕೆಯ ಒಂದು ಸಣ್ಣ ಮನೆಯ ಜಗುಲಿಯ ಮೇಲೆ ಮುದುಕಿಯೊಬ್ಬಳು ದಾರಿ ನೋಡುತ್ತ ಕೂತಿದ್ದಳು. ಒಳಗೆ ಗೋಡೆಯ ಮೇಲೆ ಒಂದು ಹೆಣ್ಣಿನ ಫೋಟೊ, ಮೇಲೊಂದು ಒಣಗಿದ ಹಾರ. ಅದು ಕಲ್ಪನಾ ಎಂದು ಶಿವಲೀಲಾಗೆ ಯಾರೂ ಹೇಳಬೇಕಾಗಲಿಲ್ಲ.

"ಅತ್ತೆ, ಇವರು ಚನ್ನಗಿರಿಯೋರು," ಎಂದ ಹಾಲಸ್ವಾಮಿ. ಅಲ್ಲಿಗೆ ನಿಲ್ಲಿಸಿ ಔಷಧಿಯ ಚೀಲವನ್ನು ಅತ್ತೆಯ ಮುಂದಿಟ್ಟ. "ಗೊತ್ತಿರೋರು."

ಆಗ ಅವಳಿಗೆ ಅರ್ಥವಾಯಿತು. ಅವನು ಮುಚ್ಚಿಟ್ಟದ್ದು ತನ್ನಿಂದಲ್ಲ. ಈ ಮುದುಕಿಯಿಂದ ತನ್ನನ್ನು ಮುಚ್ಚಿಟ್ಟಿದ್ದ. ಮುದುಕಿಯ ಹೆಸರು ಕರಿಬಸಮ್ಮ, ಕಲ್ಪನಾ ಅವಳಿಗೆ ಒಬ್ಬಳೇ ಮಗಳು. ಮಣ್ಣು ಮಾಡಿ ಹೊರಟು ನಿಂತ ಅಳಿಯನಿಗೆ ಅಂದು ಅವಳು ಅಂದದ್ದು ಒಂದೇ ಮಾತು, ಬರೋ ಅಮಾಸೆಗೆ ಬಾರಪ್ಪ ಎಂದು. ನಾಲ್ಕು ವರ್ಷದಲ್ಲಿ ಅವನು ಒಂದು ಅಮಾವಾಸ್ಯೆಯನ್ನೂ ತಪ್ಪಿಸಿರಲಿಲ್ಲ. ಬೇರೆ ಹೆಣ್ಣನ್ನು ನೋಡಿದ್ದೇನೆಂದು ಹೇಳಿದರೆ ಇವಳಿಗೆ ಮಗಳು ಎರಡನೆಯ ಸಲ ಸತ್ತಂತಾಗುತ್ತದೆ ಎಂದು ಅಂಜಿದ್ದ.

ಅವನು ಹೂವು ತೆಗೆದುಕೊಂಡು ಹೊಲದಲ್ಲಿದ್ದ ಕಲ್ಪನಾಳ ಸಮಾಧಿಗೆ ಹೋದ. ಕರಿಬಸಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟತೊಡಗಿದಳು. ಶಿವಲೀಲಾ ಗೋಡೆಗೊರಗಿ ನಿಂತಳು.

"ಎಷ್ಟು ತಿಂಗಳಾತವ್ವ?"

"ಏನಮ್ಮ?"

"ಇವನು ಫೋನ್ ನೋಡಿ ನಗಾಕೆ ಹತ್ತಿ. ನನ್ನ ಲೆಕ್ಕದಾಗೆ ನಾಲ್ಕು ಅಮಾಸೆ ಆತು. ನನ್ನ ಕಣ್ಣು ಮಂಜಾಗ್ಯಾವೆ, ಕುರುಡಾಗಿಲ್ಲ."

ಶಿವಲೀಲಾ ತಲೆ ತಗ್ಗಿಸಿದಳು.

"ತಾನಾಗೇ ಹೇಳ್ತಾನೆ ಅಂತ ನೋಡಿದೆ. ಹೇಳ್ಲಿಲ್ಲ. ಕೇಳಿದ್ರೆ ಎಲ್ಲಿ ಬರೋದು ಬಿಟ್ಟುಬಿಡ್ತಾನೋ ಅಂತ ನಾನೂ ಕೇಳ್ಲಿಲ್ಲ." ಮುದುಕಿ ರೊಟ್ಟಿಯನ್ನು ಮಗುಚಿ ಹಾಕಿದಳು. "ನಿನ್ನ ತವರು ಯಾವೂರು?"

"ಅಪ್ಪ ಮೊದ್ಲೇ ಇಲ್ಲ. ಅವ್ವ ಹೋಗಿ ಎರಡು ವರ್ಷ ಆತು. ತವರು ಅಂತ ಏನೂ ಇಲ್ಲಮ್ಮ."

ಒಲೆಯ ಮೇಲಿನ ರೊಟ್ಟಿ ಉಬ್ಬಿ ಇಳಿಯಿತು. ಅದನ್ನು ತೆಗೆದು ಬುಟ್ಟಿಗೆ ಹಾಕಿ ಕರಿಬಸಮ್ಮ ಹೇಳಿದಳು: "ಎರಡನೆಯವಳಾಗಿ ಬಂದೋಳಿಗೆ ಮೊದಲನೆಯವಳ ತವರೇ ತವರು. ಹಿಂದಿನೋರಿಂದ ಬಂದ ಪದ್ಧತಿ. ಇವನೊಬ್ನೇ ಬಂದ್ರೆ ಊರೋರು, ಅಳಿಯ ಬಂದ ಅಂತಾರೆ. ನೀನೂ ಜೊತೆಗೆ ಬಂದ್ರೆ, ಕರಿಬಸಮ್ಮನ ಮಗಳು ಬಂದ್ಲು ಅಂತಾರೆ. ಆ ಮಾತು ಕೇಳಿ ನಾಲ್ಕು ವರ್ಷ ಆತವ್ವ."

ಶಿವಲೀಲಾ ಸೆರಗು ಸಿಕ್ಕಿಸಿ, ಕೈ ತೊಳೆದು, ಮುದುಕಿಯ ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆಯನ್ನು ತನ್ನ ಕಡೆ ಎಳೆದುಕೊಂಡಳು.

ಹಾಲಸ್ವಾಮಿ ಬಂದಾಗ ಒಲೆಯ ಮುಂದೆ ಇಬ್ಬರಿದ್ದರು. ಖಾಲಿ ಬಾಳೆ ಎಲೆ ಹಿಡಿದು ಅವನು ಬಾಗಿಲಲ್ಲೇ ನಿಂತ.

"ಬಾಗಿಲಾಗೆ ನಿಂತು ಯಾರನ್ನ ಕಾಯ್ತೀಯಪ್ಪ," ಎಂದಳು ಕರಿಬಸಮ್ಮ. "ಬಾ, ಕೂತ್ಕ. ನನ್ನ ಮಗಳು ತಟ್ಟಿದ ರೊಟ್ಟಿ ದಪ್ಪ ಆಗ್ಯಾವೆ. ತಿನ್ನು, ಹೆಸರಿಡಬ್ಯಾಡ."

ಅವನು ಕೂತ. ಎರಡು ತುತ್ತು ತಿಂದು ಕಣ್ಣೊರೆಸಿಕೊಂಡು, ಚಟ್ನಿ ಖಾರವೆಂದ. ಚಟ್ನಿಯನ್ನು ಅವನಿಗೆ ಇನ್ನೂ ಬಡಿಸಿರಲಿಲ್ಲ. ಅದನ್ನು ಇಬ್ಬರು ಹೆಂಗಸರೂ ಅವನಿಗೆ ಹೇಳಲಿಲ್ಲ.

ಹೊರಡುವಾಗ ಕರಿಬಸಮ್ಮ ದೇವರ ಮುಂದಿನ ವಿಭೂತಿ ತಂದು ಶಿವಲೀಲಾಳ ಹಣೆಗೆ ಹಚ್ಚಿದಳು. ಆ ನಡುಗುವ ಮೂರು ಬೆರಳು ಹಣೆ ಮುಟ್ಟಿದಾಗ ಅವಳಿಗೆ ತಾಯಿಯ ಬೆರಳು ನೆನಪಾಯಿತು, ಮತ್ತು ಎರಡು ವರ್ಷದಲ್ಲಿ ಮೊದಲ ಸಲ ಆ ನೆನಪು ನೋಯಿಸಲಿಲ್ಲ.

ಬಸ್ಸಿನಲ್ಲಿ ಈ ಸಲ ಅವನು ಒಂದೇ ಸೀಟಿನ ಇನ್ನೊಂದು ತುದಿಯಲ್ಲಿ ಕೂತ. ನಡುವೆ ರೊಟ್ಟಿಯ ಡಬ್ಬಿ. ಜಗಳೂರು ದಾಟಿದ ಮೇಲೆ ಕೇಳಿದ: "ಎರಡನೇ ತೂಕ ಆತೇನ್ರಿ?"

"ಆತು. ಹೆಂಡ್ತಿ ಕಳಕೊಂಡೋರ ಮನಸ್ಸು ಖಾಲಿ ಇರ್ತೈತೆ ಅಂದ್ಕೊಂಡಿದ್ದೆ. ನಿಮ್ದು ತುಂಬಿ ಐತೆ." ಅವಳು ಕಿಟಕಿಯ ಆಚೆ ನೋಡುತ್ತಲೇ ಕೇಳಿದಳು. "ನನಗೆ ಜಾಗ ಐತಾ?"

ಅವನು ಡಬ್ಬಿಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. "ನಾಲ್ಕು ತಿಂಗಳಿಂದ ಕೂತೇ ಇದೀರಲ್ಲ," ಎಂದ.

ನಡುವೆ ಏನೂ ಉಳಿಯಲಿಲ್ಲ. ದಾವಣಗೆರೆ ಬರುವ ತನಕ ವಾರ್ನಿಷಿನ ಕಲೆಯ ಆ ಬೆರಳುಗಳು ಅವಳ ಕೈಮೇಲಿದ್ದವು.

ಮದುವೆಗೆ ಹೊನ್ನಾಳಿಯ ಮಠ ನಿಗದಿಯಾಯಿತು. ಅದಕ್ಕೆ ಮೊದಲು ಇನ್ನೊಂದು ಅಮಾವಾಸ್ಯೆ ಬಂತು. ಹಿಂದಿನ ಸಂಜೆ ಒಂದು ಊರಿನ ಕುಡಿಯುವ ನೀರಿನ ಮೋಟಾರು ಸುಟ್ಟು, ಹಾಲಸ್ವಾಮಿ ಅಂಗಡಿ ಬಿಡುವಂತಿರಲಿಲ್ಲ. ಅತ್ತೆಗೆ ಏನು ಹೇಳಲಿ ಎಂದು ಶಿವಲೀಲಾಳನ್ನು ಕೇಳಲು ಬೆಳಿಗ್ಗೆ ಆಪ್ ತೆರೆದವನು ಅಲ್ಲೇ ನಿಂತ. ನಂಬರು ಕೊಟ್ಟು ತಿಂಗಳಾಗಿದ್ದರೂ ಅವರ ಮಾತು ಇನ್ನೂ ಹಳೆಯ ಜಾಗದಲ್ಲೇ ನಡೆದಿತ್ತು.

ಸೊಕ್ಕೆಯಲ್ಲಿ ಒಲೆಯ ಪಕ್ಕದಲ್ಲಿಟ್ಟಿದ್ದ ಫೋನು ಮಿನುಗಿತು. ಶಿವಲೀಲಾ ಬಾಗಿ ಓದಿದಳು.

"ನಿಮ್ಮ ಹೆಸರಿನ ಕೆಳಗೆ ತೊಂಬತ್ತಮೂರು ತೋರಿಸ್ತೈತೆ. ಎಲ್ಲಿದೀರಿ?"

ಬಂದದ್ದು ಅವನದೇ ಸಂದೇಶವೆಂದು ಕರಿಬಸಮ್ಮನಿಗೆ ಗೊತ್ತಾಗಿ, ರೊಟ್ಟಿ ಸೀಯುತ್ತದೆಂದು ಗೊಣಗಿದಳು. ಶಿವಲೀಲಾ ಬೆರಳಿನ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬರೆದಳು:

"ಮನೇಲಿದೀನಿ."