ಹನ್ನೊಂದನೇ ಕಿಟಕಿ

ಅವಳದು ಮುಖ ಬರೆಯುವ ಕೆಲಸ. ಅವನದು ಗೋಡೆ, ಆಕಾಶ, ಗಿಡಮರ. ಮಿನಿಯೇಚರ್, ಅಂದರೆ ಪುಟಾಣಿ ವರ್ಣಚಿತ್ರ ಬರೆಯುವ ಆ ಸ್ಟುಡಿಯೋದಲ್ಲಿ ಒಂದೇ ಹಾಳೆ ಇಬ್ಬರ ಮೇಜಿಗೂ ಓಡಾಡುತ್ತಿತ್ತು. ಅವಳು ಮಾತ್ರ ನಾಲ್ಕು ವರ್ಷದಿಂದ ಕೂತಲ್ಲೇ ಕೂತು ಅವನನ್ನು ನೋಡುತ್ತಿದ್ದಳು.

ಈ ಸಲದ್ದು ಒಂದು ಅಪಾರ್ಟ್‌ಮೆಂಟಿನ ಚಿತ್ರ. ಅಂಗೈಯಗಲದ ಹಾಳೆಯಲ್ಲಿ ನಲವತ್ತು ಕಿಟಕಿ, ಕಿಟಕಿಗೆ ಒಬ್ಬರೇ ಇರಬೇಕೆಂದು ಸ್ಟುಡಿಯೋ ನಡೆಸುವ ಮೇಷ್ಟ್ರ ಅಪ್ಪಣೆ. ಒಬ್ಬರೇ ಉಣ್ಣುವವರು, ಒಬ್ಬರೇ ಫೋನ್ ನೋಡುತ್ತಾ ಕೂತವರು. ಅಂಥವರು ಹೇಗಿರುತ್ತಾರೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ; ಸಂಜೆ ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಸಾಕಿತ್ತು.

ಬರುವ ಶನಿವಾರ ಅವನು ಬೇರೆ ಊರಿನ ಸ್ಟುಡಿಯೋಗೆ ಕೆಲಸಕ್ಕೆ ಹೊರಡುವವನಿದ್ದ. ಮನಸ್ಸಿನಲ್ಲಿದ್ದುದನ್ನು ಹೇಳೋಣವೆಂದರೆ ಅವಳಿಗೆ ಬಾಯೇ ಬರುತ್ತಿರಲಿಲ್ಲ. ಹಾಗಾಗಿ ಹನ್ನೊಂದನೇ ಕಿಟಕಿಯಲ್ಲಿ ತನ್ನನ್ನು ಬರೆದು, ಪಕ್ಕದಲ್ಲಿ ಎಳ್ಳುಕಾಳಿನಷ್ಟು ಅವನನ್ನೂ ಕೂರಿಸಿದಳು. ಅವನ ಸೊಟ್ಟ ಮೂಗನ್ನೂ ಬಿಡಲಿಲ್ಲ.

ಬುಧವಾರ ಅವನ ಮೇಜಿನಿಂದ ಹಾಳೆ ವಾಪಸ್ ಬಂತು. ಭೂತಗನ್ನಡಿ ಹಿಡಿದು ನೋಡಿದರೆ, ಕಿಟಕಿಯಲ್ಲಿ ಅವಳೊಬ್ಬಳೇ. ಪಕ್ಕದಲ್ಲಿ ನುಣ್ಣನೆಯ ಹಳದಿ ಗೋಡೆ.

“ಹನ್ನೊಂದರಲ್ಲಿ ಒಬ್ರು ಜಾಸ್ತಿ ಆಗಿದ್ರು ಮೇಡಂ, ಸರಿ ಮಾಡಿದೀನಿ,” ಅಂದ ಅವನು, ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ.

“ಯಾರು ಅಂತ ನೋಡಿದ್ರಾ?”

“ಮುಖ ನಿಮ್ಮ ಇಲಾಖೆ. ನಾನ್ಯಾಕೆ ನೋಡ್ಲಿ?”

“ನೀವೇ ಕಣ್ರೀ ಅದು!”

ಅವನು ಒದ್ದೆ ಕುಂಚ ಹಿಡಿದು ಓಡಿಬಂದ. “ಈಗಲೇ ತೆಗೀತೀನಿ, ತಾಳಿ...”

“ಬೇಡ. ಒದ್ದೆ ಮಾಡಿದ್ರೆ ಗೋಡೆ ಜೊತೆ ನೀವೂ ಎದ್ದುಬರ್ತೀರಿ.” ನಾಲ್ಕು ವರ್ಷದ ಆಸೆಯನ್ನು ಅಷ್ಟು ಚಿಕ್ಕದಾಗಿ ಬರೆದದ್ದು ತನ್ನದೇ ತಪ್ಪು ಅನ್ನಿಸಿ, ನಾಚಿಕೆ ಬಿಟ್ಟು ಹೇಳಿಯೇಬಿಟ್ಟಳು: “ನೀವಂದ್ರೆ ನಂಗಿಷ್ಟ. ಹೋಗ್ಬೇಡಿ.”

ಅವನು ಕುಂಚದ ತುದಿಯನ್ನೇ ನೋಡುತ್ತಾ ನಿಂತ. ಕಿವಿ ಕೆಂಪಾಗಿತ್ತು.

“ಸುಳ್ಳು ಹೇಳ್ದೆ,” ಅಂದ ಮೆಲ್ಲಗೆ. “ಕಿಟಕೀಲಿ ಇರೋದು ನೀವು ಅಂತ ನೋಡಿದ ತಕ್ಷಣ ಗೊತ್ತಾಯ್ತು. ಪಕ್ಕ ಯಾವನೋ ಕೂತಿದ್ದ. ಹೊಟ್ಟೆ ಉರೀತು. ಯಾವನು ಅಂತ ನೋಡೋಕೂ ಧೈರ್ಯ ಬರ್ಲಿಲ್ಲ, ಬಳಿದುಬಿಟ್ಟೆ.”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಆ ಸ್ಟುಡಿಯೋದವರಿಗೆ ಮಾತು ಕೊಟ್ಟಾಗಿದೆ, ಹೋಗ್ಲೇಬೇಕು. ಆದ್ರೆ ಅವರಿಗೆ ಮುಖ ಬರೆಯೋರು ಬೇಕಂತೆ.”

“ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ನಾನು ಹೋಗಿ ಅವರಿಗೆ ಹೇಳ್ಬೇಕು.”

“ಬೇಗ ಹೇಳಿ,” ಎಂದಳು ಅವಳು. ಶನಿವಾರದ ನಂತರದ ದಿನಗಳನ್ನು ನೆನೆದು ಅವಳಿಗೆ ಆಗಲೇ ಅಳು ಬರುತ್ತಿತ್ತು, ಆದರೂ ನಕ್ಕಳು.