ಬೆಟ್ಟದ ಪೂಜೆಗೆ ನುಂಗಿದ ಮಾತ್ರೆ

ಅಂಗಳಕ್ಕೆ ಸೆಗಣಿ ನೀರು ಚಿಮುಕಿಸಿ ಸಹನಾ ರಂಗೋಲಿಯ ಮೊದಲ ಎಳೆ ಎಳೆದಿದ್ದಳಷ್ಟೇ. ಬೈಕ್ ನಿಂತ ಸದ್ದಿಗೆ ಬೆರಳು ಸಡಿಲಿ ಗೆರೆ ದಪ್ಪಗಾಯಿತು.

ತಲೆಯೆತ್ತದೆಯೇ ಗೊತ್ತಾಯಿತು... ಗಂಡ ಯುವರಾಜ್.

ಮಗಳು ರಕ್ಷಾಳೊಂದಿಗೆ ಅವಳು ಹೊಳವನಹಳ್ಳಿಯ ತವರಿಗೆ ಬಂದು ತಿಂಗಳಾಗುತ್ತಿತ್ತು. ಎರಡು ಸಲ ಬಸಿರು ನಿಲ್ಲದೆ ಹೋದ ಮೇಲೆ ಹಾರ್ಮೋನ್ ಪರೀಕ್ಷೆ ಮಾಡಿಸಿದ್ದರು. ಬಸಿರನ್ನು ಹಿಡಿದಿಡುವ ಪ್ರೊಜೆಸ್ಟೆರಾನ್ ತೀರಾ ಕಡಿಮೆ ಎಂದು ಬಂದಿತ್ತು. ರಿಪೋರ್ಟ್ ನೋಡಿದ ಯುವರಾಜ್ ಮಾತಿಲ್ಲದೆ ಪಾವಗಡದ ಸೋಲಾರ್ ಕೆಲಸಕ್ಕೆ ಹೊರಟುಹೋಗಿದ್ದ.

ಆ ಮೌನವೇ ಅವಳಿಗೆ ತೀರ್ಪಾಗಿತ್ತು.

"ಬೇರೆ ಮದ್ವೆ ಮಾಡ್ಕೊಳ್ಳಿ ಅಂತ ಹೇಳಿಕಳ್ಸಿದ್ನಲ್ಲ... ಯಾಕೆ ಬಂದ್ರಿ?"

"ಯಾರ್ ಕೈಲಿ? ನಿಮ್ಮಣ್ಣನ ಕೈಲಿ. ಅವ್ನು ಹೇಳಾದು ಬುಟ್ಟು ಬಾಡೂಟ ಉಂಡ್ಕಂಡು ಹೋದ."

ಅವಳು ನಗಲಿಲ್ಲ. ಅವನು ಅಂಗಳದ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತ.

"ಸಿದ್ದರಬೆಟ್ಟದ ಪೂಜೆಗೆ ಮುಟ್ಟು ಮುಂದಕ್ಕೋಗ್ಲಿ ಅಂತ ನಮ್ಮವ್ವ ಮಾತ್ರೆ ತರಿಸಿದ್ಲಲ್ಲ. ತಂದ್ಕೊಟ್ಟವ್ನು ನಾನೇ. ಅದ್ನ ನುಂಗ್ತಿದ್ದಾಗ್ಲೇ ನೀನು ಟೆಸ್ಟಿಗೆ ರಕ್ತ ಕೊಟ್ಟೆ."

ಅವಳ ಕೈ ನಿಂತಿತು. ಬೇರೆ ಔಷಧಿ ಏನಾದರೂ ತಗೊಂಡಿದ್ದೀರಾ ಎಂದು ಡಾಕ್ಟರಮ್ಮ ಕೇಳಿದ್ದರು. ಇಲ್ಲ ಎಂದಿದ್ದಳು. ದೇವರ ಕೆಲಸಕ್ಕೆಂದು ನುಂಗಿದ್ದೂ ಔಷಧಿಯೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಮೊನ್ನೆ ಡಾಕ್ಟರಮ್ಮಂಗೆ ಹೇಳ್ದೆ. ಅದೂ ಹಾರ್ಮೋನ್ ಮಾತ್ರೆನೇ ಅಂತೆ. ಆ ರಿಪೋರ್ಟ್ ನಂಬಕಾಗಲ್ಲ, ಮಾತ್ರೆ ಬುಟ್ಟು ಮುಟ್ಟು ಸರಿಯಾದ್ಮೇಲೆ, ಮುಂದಿನ ಮುಟ್ಟಿಗೆ ಒಂದು ವಾರ ಮುಂಚೆ ಮತ್ತೆ ನೋಡಾಣ ಅಂದ್ರು."

"ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?"

"ನಾನ್ ತಂದ ಮಾತ್ರೆಯಿಂದ್ಲೇ ನಿಂಗೆ ಏನೋ ಆಗೋಯ್ತು ಅಂತ ಭಯ ಕಣೇ... ನಿನ್ ಮುಖ ನೋಡಕಾಗ್ಲಿಲ್ಲ."

ತನ್ನನ್ನು ದೂರುತ್ತಿದ್ದಾನೆ ಎಂದು ಅವಳು ಅಂದುಕೊಂಡಿದ್ದರೆ, ಅವನು ತನ್ನನ್ನೇ ತಾನು ದೂರಿಕೊಂಡಿದ್ದನೇ... ಸಹನಾಳ ಕಣ್ಣು ತುಂಬಿತು.

"ಮತ್ತೂ ಕಮ್ಮಿ ಅಂತ್ಲೇ ಬಂದ್ರೆ?"

"ಔಷಧಿ ಐತಂತೆ, ಮಾಡಿಸಾಣ. ಆಗ್ದಿದ್ರೆ ಬುಡು. ಅವ್ವಂಗೂ ಹಂಗೇ ಹೇಳ್ಬುಟ್ಟೆ. ಮನೇಲಿ ನೀನಿರ್ಬೇಕು. ನೀನಿಲ್ದೆ ಉಂಡಿದ್ದು ಸೇರಲ್ಲ ಕಣೇ."

ಅವಳು ರಂಗೋಲಿಯ ಬಟ್ಟಲನ್ನು ಅವನ ಕೈಗಿಟ್ಟಳು. "ಆ ಗೆರೆ ಕೆಟ್ಟಿದ್ದು ನಿಮ್ಮಿಂದ. ನೀವೇ ಸರಿ ಮಾಡಿ."

ಬಾಗಿಲಲ್ಲಿ ರಕ್ಷಾ ನಿಂತಿದ್ದಳು. ಶಾಲೆಯ ಸಮವಸ್ತ್ರ, ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು. ತಿಂಗಳಿಂದ ಏನೋ ಕೇಳಲು ಬಾಯಿ ತೆರೆದು, ಅಮ್ಮನ ಮುಖ ನೋಡಿ ಸುಮ್ಮನಾಗುತ್ತಿದ್ದ ಮಗು. ಈಗ ಮೆಟ್ಟಿಲಿಳಿದು ಬಂದು, ಅಪ್ಪನ ಭುಜದ ಮೇಲೆ ಕೈಯಿಟ್ಟಿತು.

"ಅಪ್ಪಾ... ನಾನೊಬ್ಳೇ ಇದ್ರೆ ನಿಮ್ಗೆ ಸಾಕಾಗಲ್ವಾ?"